ನಿಯಮಾನುಸಾರ ಉಚಿತ

ಸಿದ್ದಾಪುರದಾಚೆಯ ಒಂದು ಎಸ್ಟೇಟಿನ ಕೂಲಿಕಾರರ ಲೈನ್‌ಮನೆ ಜಗಲಿಯಲ್ಲಿ ಕುಳಿತು ನಾನು ಮೂರು ಮಾತು ಹೇಳಿದ್ದೆ. “ಒಂದ್ರೂಪಾಯಿನೂ ಬೇಡಮ್ಮ. ಎಲ್ಲಾ ಸರ್ಕಾರನೇ ಕೊಡುತ್ತೆ. ನಾನು ಜವಾಬ್ದಾರಿ.” ಮೊದಲ ಎರಡು ಮಾತುಗಳನ್ನು ನನಗೆ ಹೇಳಿ ಕಳಿಸಿದವರಿದ್ದರು. ಮೂರನೆಯದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅದು ನನ್ನ ಬಾಯಿಂದ ತಾನಾಗಿ ಬಂದದ್ದು.

ಆಗ ನಾನು ಕೊಡಗಿನದೇ ಒಂದು ಸಣ್ಣ ಸರ್ಕಾರಿ ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಅತಿಥಿ ಉಪನ್ಯಾಸಕಿ. ಊರಿನ ಹೆಸರು ಬೇಡ, ಅಲ್ಲಿ ಈಗಲೂ ನನ್ನ ಜೊತೆಯವರು ಕೆಲಸ ಮಾಡುತ್ತಿದ್ದಾರೆ. ಅತಿಥಿ ಎಂದರೆ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಬೇಕು. ಪಾಠದ ಗಂಟೆಗಳು ಸಾಕಷ್ಟಿದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಏಳು ವರ್ಷ ಹಾಗೇ ಕಳೆದಿದ್ದೆ. ಸ್ಟಾಫ್ ರೂಮಿನಲ್ಲಿ ಕಾಯಂ ಉಪನ್ಯಾಸಕರ ಕುರ್ಚಿಗಳ ಬೆನ್ನಿಗೆ ಟವೆಲ್ ಹೊದಿಸಿರುತ್ತಿತ್ತು. ನಮಗೆ ಕಿಟಕಿ ಪಕ್ಕದ ಬೆಂಚು.

ಆ ವರ್ಷ ಜೂನ್ ತಿಂಗಳಲ್ಲಿ ಪ್ರಾಂಶುಪಾಲರು ನನ್ನನ್ನು ಒಳಗೆ ಕರೆದರು. ಮೇಜಿನ ಮೇಲೆ ಇಲಾಖೆಯಿಂದ ಬಂದ ಪತ್ರವಿತ್ತು. ಮಕ್ಕಳು ಕಡಿಮೆ ಇರುವ ಕೋರ್ಸುಗಳನ್ನು ಮುಚ್ಚುವ ಬಗ್ಗೆ ಬರೆದಿದ್ದರು.

“ನೋಡಿ ಮೇಡಂ,” ಎಂದರು, “ಬಿಎಸ್‌ಸಿಗೆ ಮಕ್ಕಳು ಬರ್ಲಿಲ್ಲ ಅಂದ್ರೆ ಸೆಕ್ಷನ್ ಇರಲ್ಲ. ಸೆಕ್ಷನ್ ಇಲ್ಲ ಅಂದ್ರೆ ನೀವೂ ಇಲ್ಲ. ಲೈನ್‌ಮನೆಗಳ ಕಡೆ ಹೋಗಿ. ಪಿಯುಸಿ ಮುಗಿಸಿ ಮನೇಲಿ ಕೂತಿರೋ ಹೆಣ್ಮಕ್ಳು ಬೇಕಾದಷ್ಟಿದ್ದಾರೆ. ಹೆಣ್ಮಕ್ಳಿಗೆ ಫೀಸಿಲ್ಲ, ಸ್ಕಾಲರ್‌ಶಿಪ್ ಬರುತ್ತೆ, ಹಾಸ್ಟೆಲ್ ಕೊಡ್ತಾರೆ ಅಂತ ಬಿಡಿಸಿ ಹೇಳಿ. ನಿಮಗೆ ಅವರ ಹತ್ರ ಮಾತಾಡೋಕೆ ಬರುತ್ತೆ.”

ಒಂದು ಕಟ್ಟು ಕರಪತ್ರ ಕೊಟ್ಟರು. ಹಸಿರು ಕಾಗದದ ಮೇಲೆ ಕಾಲೇಜಿನ ಫೋಟೋ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ “ಉಚಿತ ಶಿಕ್ಷಣ”.

ನನಗೆ ಕೆಲಸ ಉಳಿಯಬೇಕಿತ್ತು. ಅದನ್ನು ಮುಚ್ಚಿಡುವುದಿಲ್ಲ. ಆದರೆ ನಾನು ಹೇಳಲು ಹೊರಟ ಮಾತನ್ನು ನಾನು ನಂಬಿದ್ದೆ ಎನ್ನುವುದೂ ಅಷ್ಟೇ ನಿಜ. ನಮ್ಮದು ಕುಶಾಲನಗರದ ಕಡೆ. ತಾತನ ಕಾಲದಲ್ಲಿ ಹಾಸನದಿಂದ ಬಂದು ಇಲ್ಲಿ ಬೇಸಾಯ ಮಾಡಿಕೊಂಡವರು. ನಮ್ಮ ಮನೆಯಲ್ಲಿ ಹತ್ತನೇ ತರಗತಿ ದಾಟಿದ ಮೊದಲ ಹೆಣ್ಣು ನಾನು. ಪಿಯುಸಿಯಿಂದ ಎಂಎಸ್‌ಸಿವರೆಗೆ ಸರ್ಕಾರದ ಹಾಸ್ಟೆಲಿನಲ್ಲೇ ಉಂಡು ಮಲಗಿದವಳು. ಅಲ್ಲಿನ ಸಾರು ನೀರಾಗಿರುತ್ತಿತ್ತು, ಆದರೆ ಒಂದು ದಿನವೂ ತಪ್ಪಲಿಲ್ಲ. ವಿದ್ಯಾರ್ಥಿವೇತನ ತಡವಾಗುತ್ತಿತ್ತು, ಆದರೆ ಬರುತ್ತಿತ್ತು. ಮೈಸೂರಿನಲ್ಲಿ ಎಂಎಸ್‌ಸಿ ಪದವಿ ಪತ್ರ ಕೈಗೆ ಬಂದ ದಿನ ನಮ್ಮಪ್ಪ, “ನಿನ್ನನ್ನ ನಾನು ಓದಿಸ್ಲಿಲ್ಲ ಕಣವ್ವ, ಸರ್ಕಾರ ಓದಿಸ್ತು,” ಎಂದಿದ್ದರು. ಅವರು ಅದನ್ನು ನಾಚಿಕೆಯಿಂದ ಹೇಳಿದ್ದಲ್ಲ, ಹೆಮ್ಮೆಯಿಂದಲೇ ಹೇಳಿದ್ದು. ನನಗೆ ಸರ್ಕಾರ ಎಂದರೆ ಕೊಟ್ಟ ಮಾತು ನಡೆಸುವ ಒಬ್ಬ ದೊಡ್ಡಪ್ಪನ ಹಾಗೆ ಇತ್ತು, ಮುಂಗೋಪಿ, ಆದರೂ ಕೈಬಿಡದವನು.

ಹಾಗೆ ಆ ಲೈನಿಗೆ ಹೋದೆ. ಬಸ್ಸಿಳಿದು ತೋಟದೊಳಗೆ ಎರಡು ಮೈಲಿ ನಡಿಗೆ. ಸಾಲಾಗಿ ಹತ್ತು ಮನೆ, ಎದುರಿಗೆ ಒಂದೇ ನಲ್ಲಿ. ಪಿಯುಸಿಯಲ್ಲಿ ವಿಜ್ಞಾನ ಓದಿ ಮನೆಯಲ್ಲಿದ್ದಾಳೆಂದು ಕೇಳಿ ನಾನು ಹುಡುಕಿಕೊಂಡು ಬಂದಿದ್ದ ಹುಡುಗಿಯ ಮನೆ ಕೊನೆಯದು. ತಾಯಿ ಆಗಷ್ಟೇ ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದರು. ಅವರ ಮನೆಮಾತು ತಮಿಳು, ಹುಟ್ಟಿದ್ದು ಬೆಳೆದದ್ದು ಇದೇ ತೋಟಗಳಲ್ಲಿ. ಗಂಡ ನೆರಳಿನ ಮರಗಳ ಕೊಂಬೆ ಕಡಿಯುವ ಕೆಲಸಕ್ಕೆ ತೋಟದಿಂದ ತೋಟಕ್ಕೆ ಹೋಗುತ್ತಿದ್ದರು, ತಿಂಗಳಿಗೊಮ್ಮೆ ಮನೆಗೆ.

ನಾನು ಕರಪತ್ರ ಕೊಟ್ಟೆ. ಆಕೆ ಅದನ್ನು ಮಗಳ ಕೈಗೆ ದಾಟಿಸಿದರು.

“ಇವ್ಳಿಗೆ ದುಬಾರೆ ಹತ್ರ ಒಂದು ಹೋಂಸ್ಟೇಲಿ ಕೆಲ್ಸ ಹೇಳ್ಬಿಟ್ಟಿದ್ದೀವಿ, ಟೀಚರಮ್ಮ. ಒಂದನೇ ತಾರೀಖಿಂದ ಬಾ ಅಂದಿದ್ದಾರೆ. ಊಟ ಅಲ್ಲೇ. ಬಂದ ಗೆಸ್ಟ್ ಹತ್ರ ಇಂಗ್ಲಿಷ್ ಮಾತಾಡೋಕೆ ಇವ್ಳು ಬೇಕಂತೆ.”

“ಆ ಕೆಲಸ ಮೂರು ವರ್ಷ ಆದ್ಮೇಲೂ ಸಿಗುತ್ತಮ್ಮ. ಡಿಗ್ರಿ ಆದ್ರೆ ಅದಕ್ಕಿಂತ ಒಳ್ಳೇದು ಸಿಗುತ್ತೆ.”

“ಓದ್ಸೋಕೆ ನಮ್ಮ ಕೈಲಿ ಆಗಲ್ಲ. ಅದು ನಿಮಗೂ ತೆರಿಯುಂ, ಗೊತ್ತಲ್ಲ.”

ಆಗ ನಾನು ಆ ಮೂರು ಮಾತು ಹೇಳಿದ್ದು. ಆಕೆ ನನ್ನ ಮುಖವನ್ನೇ ನೋಡಿ, “ನಿಜವಾ?” ಎಂದರು. “ನಿಜ,” ಎಂದೆ. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅಂಕಪಟ್ಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗೆ ಹಿಡಿದುಕೊಂಡಿದ್ದಳು. ನಾನು ಕೇಳುವ ಮೊದಲೇ ಅದನ್ನು ತಂದಿಟ್ಟುಕೊಂಡಿದ್ದಳು ಎನ್ನುವುದು ನನಗೆ ಆಮೇಲೆ ಹೊಳೆಯಿತು. ಅವಳು ಕೇಳಿದ್ದು ಒಂದೇ ಪ್ರಶ್ನೆ. “ಮೇಡಂ, ಲ್ಯಾಬ್ ಇದ್ಯಾ?”

ಇದೆ ಎಂದೆ. ಆ ವಾರವೇ ಬಂದು ಸೇರಿದಳು.

ಮೊದಲ ವರ್ಷ ಚೆನ್ನಾಗಿಯೇ ಹೋಯಿತು. ಲ್ಯಾಬಿನಲ್ಲಿ ಅವಳ ಕೈ ಎಷ್ಟು ತಾಳ್ಮೆಯದೆಂದರೆ, ಬ್ಯೂರೆಟ್ಟಿನಿಂದ ಹನಿ ಹನಿಯಾಗಿ ಬಿಡುತ್ತ ಬಣ್ಣ ತಿರುಗುವ ಆ ಒಂದು ಹನಿಗೆ ಸರಿಯಾಗಿ ನಿಲ್ಲಿಸುತ್ತಿದ್ದಳು. ಉಳಿದವರು ಒಂದೇ ಸಲ ಸುರಿದು ಕಡುಗುಲಾಬಿ ಮಾಡಿಟ್ಟು ನಗುತ್ತಿದ್ದರು. ಆ ವರ್ಷದ ವಿದ್ಯಾರ್ಥಿವೇತನ ಫೆಬ್ರವರಿಯಲ್ಲಿ ಅವಳ ಖಾತೆಗೆ ಬಂತು. ಆ ವಾರ ಹಾಸ್ಟೆಲಿನಿಂದ ಮನೆಗೆ ಹೋದವಳು ಒಂದು ಚೀಲ ಮರಗೆಣಸು ಹೊತ್ತು ತಂದಳು. “ಅಮ್ಮ ಕೊಟ್ಟಿದ್ದು.” ಸ್ಟಾಫ್ ರೂಮಿನ ಹಿಂದೆ ಬೇಯಿಸಿ, ಹಸಿಮೆಣಸಿನ ಚಟ್ನಿ ಹಚ್ಚಿ ಎಲ್ಲರೂ ತಿಂದೆವು. ಪ್ರಾಂಶುಪಾಲರೂ ಎರಡು ತುಂಡು ತಿಂದರು.

ಎರಡನೇ ವರ್ಷದಿಂದ ಎಲ್ಲವೂ ಬೇರೆಯಾಯಿತು, ಒಂದೇ ದಿನ ಅಲ್ಲ, ಒಂದೊಂದಾಗಿ. ಮೊದಲಿಗೆ, ಹೆಣ್ಣುಮಕ್ಕಳ ಫೀಸನ್ನು ಅವರೇ ಕಟ್ಟಬೇಕು, ಸರ್ಕಾರ ಆಮೇಲೆ ವಾಪಸ್ ಕೊಡುತ್ತದೆ ಎಂದು ಆಫೀಸಿನಲ್ಲಿ ಹೇಳಿದರು. ಹಿಂದಿನ ವರ್ಷ ಅಡ್ಮಿಷನ್ ತುಂಬಲೆಂದು ಪ್ರಾಂಶುಪಾಲರು ಕಾಲೇಜಿನ ನಿಧಿಯಿಂದ ಸರಿಹೊಂದಿಸಿದ್ದರಂತೆ. ಈ ವರ್ಷ ಅದಕ್ಕೆ ಆಕ್ಷೇಪಣೆ ಬಂದಿತ್ತು. ಅವಳ ಫೀಸು ಬಾಕಿ ಉಳಿಯಿತು. ನಂತರ ಹಾಸ್ಟೆಲಿನಲ್ಲಿ ಜಾಗವಿಲ್ಲ ಎಂದರು. ಹಾಸ್ಟೆಲ್ ಕಟ್ಟಡದ ಒಂದು ಭಾಗ ಸೋರಿ, ರಿಪೇರಿಗೆ ಅನುದಾನ ಬಾರದೆ, ಆ ಕೋಣೆಗಳಿಗೆ ಬೀಗ ಹಾಕಿದ್ದರು. ಅವಳು ದಿನಾ ಮನೆಯಿಂದ ಓಡಾಡತೊಡಗಿದಳು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ನಿಜ. ಆದರೆ ಅವಳ ದಾರಿಯಲ್ಲಿ ಬೆಳಿಗ್ಗೆ ಓಡುವುದೆಲ್ಲ ಪ್ರೈವೇಟ್ ಬಸ್ಸು. ಮುಖ್ಯರಸ್ತೆಗೆ ಬರುವ ದಾರಿಯಲ್ಲಿ ಆನೆ ಇಳಿದಿದೆ ಎಂದು ಸುದ್ದಿ ಬಂದರೆ ಆ ದಿನ ಕಾಲೇಜೇ ಇಲ್ಲ. ಹಾಜರಿ ಕಡಿಮೆಯಾಗುತ್ತ ಬಂತು.

ವಿದ್ಯಾರ್ಥಿವೇತನದ ಅರ್ಜಿಯನ್ನು ಲ್ಯಾಬಿನ ಕಂಪ್ಯೂಟರಿನಲ್ಲಿ ನಾನೇ ಕುಳಿತು ತುಂಬಿಸಿದ್ದೆ. ಆಧಾರ್ ಸರಿ, ಬ್ಯಾಂಕ್ ಸರಿ, ಆದಾಯ ಪ್ರಮಾಣಪತ್ರ ಸರಿ. ಕಾಲೇಜಿನಲ್ಲೂ ಮಂಜೂರಾಯಿತು. ಆಮೇಲೆ ತಿಂಗಳುಗಟ್ಟಲೆ ಅದೇ ಒಂದು ಸಾಲು: ಪಾವತಿ ಪ್ರಕ್ರಿಯೆಯಲ್ಲಿದೆ. ಪ್ರತಿ ಸೋಮವಾರ ಅವಳು ಬಂದು, “ಮೇಡಂ, ಒಂದ್ಸಲ ನೋಡ್ತೀರಾ?” ಎನ್ನುತ್ತಿದ್ದಳು. ನೋಡುತ್ತಿದ್ದೆ. ಅದೇ ಸಾಲು. ಜನವರಿ ಹೊತ್ತಿಗೆ ಅವಳು ಸೋಮವಾರ ಬರುವುದನ್ನೇ ಬಿಟ್ಟಳು. ತೋಟದಲ್ಲಿ ಕಾಫಿ ಕೊಯ್ಲು ಶುರುವಾಗಿತ್ತು. ವಾರದಲ್ಲಿ ಮೂರು ದಿನ ಪಿಕ್ಕಿಂಗಿಗೆ, ಎರಡು ದಿನ ಕಾಲೇಜಿಗೆ. ಪಿಪೆಟ್ ಹಿಡಿದ ಬೆರಳುಗಳಲ್ಲಿ ಹಣ್ಣಿನ ಕಂದುಕಲೆ ಕೂತಿತ್ತು.

ನಾನು ತಾಲ್ಲೂಕು ಕಚೇರಿಗೆ ಹೋದೆ. ಅಲ್ಲಿಂದ ಮಡಿಕೇರಿಗೆ ಹೋಗಿ ಎಂದರು. ಮಡಿಕೇರಿಯಲ್ಲಿ ಒಬ್ಬ ಗುಮಾಸ್ತರು ಕನ್ನಡಕ ತೆಗೆದಿಟ್ಟು ಮೆಲ್ಲಗೆ ಹೇಳಿದರು: “ನಿಮ್ಮ ಹುಡುಗೀದು ಏನೂ ತಪ್ಪಿಲ್ಲ ಮೇಡಂ. ಗ್ರಾಂಟೇ ಬಂದಿಲ್ಲ. ಬಂದಾಗ ಹಾಕ್ತೀವಿ. ಯಾವಾಗ ಅಂತ ನನ್ನ ಕೇಳ್ಬೇಡಿ.” ಅವರ ಮಾತಿನಲ್ಲಿ ಒರಟುತನವಿರಲಿಲ್ಲ. ಒರಟಾಗಿ ಮಾತಾಡಿದ್ದರೆ ಜಗಳವಾದರೂ ಆಡಬಹುದಿತ್ತು. ವಾಪಸ್ ಬರುವ ಬಸ್ಸಿನಲ್ಲಿ ಕುಳಿತಾಗ ನನಗೆ ಅಪ್ಪನ ಮಾತು ನೆನಪಾಯಿತು. ನನ್ನನ್ನು ಓದಿಸಿದ್ದು ಇದೇ ಸರ್ಕಾರವೇ?

ನಾಲ್ಕನೇ ಸೆಮಿಸ್ಟರಿನ ಪರೀಕ್ಷಾ ಶುಲ್ಕ ಕಟ್ಟಲು ಕೊನೆಯ ದಿನ. ಬಾಕಿ ಫೀಸು ಕಟ್ಟದವರ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಮಧ್ಯಾಹ್ನ ನಾನು ಪಾಠ ಮುಗಿಸಿ ಬರುವಾಗ ಅವಳ ತಾಯಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದರು. ಕೆಲಸದ ಸೀರೆಯ ಮೇಲೆ ಗಂಡಸರ ಅಂಗಿ, ಅದರ ತೋಳು ಇನ್ನೂ ಮಡಚಿಯೇ ಇತ್ತು. ಅರ್ಧ ದಿನದ ಕೂಲಿ ಬಿಟ್ಟು ನೇರ ತೋಟದಿಂದ ಬಂದಿದ್ದರು. ಮಗಳು ಹಿಂದೆ, ತಲೆ ತಗ್ಗಿಸಿ.

“ಟೀಚರಮ್ಮ, ನೀವು ನಮ್ಮ ಮನೇಲಿ ಕೂತು ಹೇಳಿದ್ರಿ.”

“ಬನ್ನಿ,” ಎಂದು ಅವರನ್ನು ಪ್ರಾಂಶುಪಾಲರ ಕೋಣೆಗೆ ಕರೆದುಕೊಂಡು ಹೋದೆ. ಅವರೇ ನನ್ನನ್ನು ಕಳಿಸಿದವರು, ಏನಾದರೂ ದಾರಿ ತೋರಿಸುತ್ತಾರೆ ಎಂದುಕೊಂಡಿದ್ದೆ.

“ಸರ್, ಇವರ ಮಗಳು ಬಿಎಸ್‌ಸಿ ಎರಡನೇ ವರ್ಷ. ಸ್ಕಾಲರ್‌ಶಿಪ್ ಬಂದಿಲ್ಲ. ನಾವು ಉಚಿತ ಅಂತ ಹೇಳಿ ಸೇರಿಸ್ಕೊಂಡಿದ್ವಿ.”

ಅವರು ಪೆನ್ನು ಕೆಳಗಿಟ್ಟು ತಾಯಿಯ ಕಡೆಗೇ ತಿರುಗಿ ಮಾತಾಡಿದರು, ನನ್ನ ಕಡೆ ನೋಡಲಿಲ್ಲ.

“ನೋಡಮ್ಮ, ಕಾಲೇಜು ಹಾಗೆ ಹೇಳೋಕೆ ಬರಲ್ಲ. ಗೆಸ್ಟ್ ಲೆಕ್ಚರರ್ಸ್ ಉತ್ಸಾಹದಲ್ಲಿ ಏನೇನೋ ಹೇಳಿಬಿಡ್ತಾರೆ. ಅದಕ್ಕೆ ನಾವು ಹೊಣೆ ಅಲ್ಲ.”

“ಸರ್,” ಎಂದೆ, “ನೀವೇ ಪಾಂಪ್ಲೆಟ್ ಕೊಟ್ಟಿದ್ದು.”

ಡ್ರಾಯರಿನಿಂದ ಆ ಹಸಿರು ಕಾಗದವನ್ನೇ ತೆಗೆದು ನನ್ನ ಮುಂದೆ ಸರಿಸಿದರು. “ಓದಿ ಮೇಡಂ. ಪೂರ್ತಿ ಓದಿ.” ಅವರ ಬೆರಳು “ಉಚಿತ ಶಿಕ್ಷಣ” ಎಂಬುದರ ಕೆಳಗಿದ್ದ ಸಣ್ಣ ಸಾಲಿನ ಮೇಲಿತ್ತು. ಸರ್ಕಾರದ ನಿಯಮಾನುಸಾರ, ಅನುದಾನದ ಲಭ್ಯತೆಗೆ ಒಳಪಟ್ಟು. ಇರುವೆ ಸಾಲಿನಷ್ಟು ಸಣ್ಣ ಅಕ್ಷರ. ನೂರಾರು ಕರಪತ್ರ ಹಂಚಿದ ನಾನು ಒಂದು ಸಲವೂ ಅದನ್ನು ಓದಿರಲಿಲ್ಲ.

ಆ ತಾಯಿಗೆ ಓದಲು ಬರುತ್ತಿರಲಿಲ್ಲ. ಕಾಗದವನ್ನು ನೋಡಲೇ ಇಲ್ಲ. ನನ್ನನ್ನೇ ನೋಡುತ್ತಿದ್ದರು. ಹೊರಗೆ ಬಂದ ಮೇಲೆ ನಾನು ಪರ್ಸಿಗೆ ಕೈಹಾಕಿದೆ.

“ಈ ಸಲದ್ದು ನಾನು ಕಟ್ತೀನಿ. ಆಮೇಲೆ ನೋಡೋಣ.”

“ಬೇಡ,” ಎಂದರು. ದನಿ ಏರಲಿಲ್ಲ. “ನಿಮ್ಮ ದುಡ್ಡು ಯಾಕೆ? ಸರ್ಕಾರದ ದುಡ್ಡು ಅಂದ್ರಿ. ಅದನ್ನ ಕೊಡ್ಸಿ. ಇಲ್ಲಾಂದ್ರೆ ಬಿಡಿ.”

ಮಗಳ ಕೈ ಹಿಡಿದು ಆಫೀಸಿನ ಕಿಟಕಿಗೆ ಹೋದರು. ರವಿಕೆಯೊಳಗಿನಿಂದ ಕರವಸ್ತ್ರದ ಗಂಟು ತೆಗೆದರು. ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಕೂಲಿಯ ಮುಂಗಡ ಕೇಳಿ ತಂದಿದ್ದರು ಎಂದು ಹುಡುಗಿ ಆಮೇಲೆ ಹೇಳಿದಳು. ಕೇಳಲೆಂದು ಬಂದಿದ್ದರು ನಿಜ, ಆದರೆ ಬರಿಗೈಯಲ್ಲಿ ಬಂದಿರಲಿಲ್ಲ. ನಾನು ಕೈಕೊಡುತ್ತೇನೆ ಎಂದು ಮೊದಲೇ ಎಣಿಸಿ ಬಂದಿದ್ದರು ಅಂತಲೇ ಅರ್ಥ. ಇಡೀ ವ್ಯವಹಾರದಲ್ಲಿ ನನ್ನನ್ನು ಅತಿ ಹೆಚ್ಚು ಚುಚ್ಚಿದ್ದು ಆ ಗಂಟು.

ಅವಳು ಆ ಪರೀಕ್ಷೆ ಬರೆದಳು. ಹಾಜರಿ ಕೊರತೆಯನ್ನು ಹೇಗೋ ಮನ್ನಾ ಮಾಡಿಸಿದೆ. ರಸಾಯನಶಾಸ್ತ್ರದಲ್ಲಿ ತರಗತಿಗೇ ಮೊದಲು.

ರಜೆಯ ನಡುವೆ ಸುತ್ತೋಲೆ ಬಂತು. ವಿದ್ಯಾರ್ಥಿಗಳ ಹಿತದೃಷ್ಟಿಯಿಂದ ನಮ್ಮ ಕಾಲೇಜಿನ ಬಿಎಸ್‌ಸಿಯನ್ನು ಜಿಲ್ಲೆಯ ಇನ್ನೊಂದು ಕಾಲೇಜಿನೊಂದಿಗೆ ವಿಲೀನಗೊಳಿಸಲಾಗಿದೆ. ನನಗೆ ಅದು ತಿಳಿದದ್ದು ವಾಟ್ಸಾಪ್ ಗುಂಪಿನಲ್ಲಿ, ಯಾರದೋ ಹುಟ್ಟುಹಬ್ಬದ ಶುಭಾಶಯಗಳ ನಡುವೆ. ಯಾರೂ ನನಗೆ ಫೋನ್ ಮಾಡಲಿಲ್ಲ. ನನ್ನ ಒಂಬತ್ತು ವರ್ಷವೂ ಅದೇ ಸಾಲಿನಲ್ಲಿ ವಿಲೀನವಾಗಿತ್ತು. ಲ್ಯಾಬಿನ ಬೀಗದ ಕೈ ಒಪ್ಪಿಸಲು ಹೋದಾಗ ಪ್ರಾಂಶುಪಾಲರು, “ನಾನೂ ಈ ವರ್ಷ ನಿವೃತ್ತಿ ಮೇಡಂ. ಏನ್ಮಾಡೋದು, ನಮ್ಮ ಕೈಲಿ ಏನಿದೆ?” ಎಂದರು. ಮರಗೆಣಸು ತಿಂದ ಆ ಮನುಷ್ಯನ ಮೇಲೆ ಕೂಗಾಡಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಎದುರಿಗೆ ನಿಂತಾಗ ಬೀಗದ ಕೈ ಇಟ್ಟು, ಸಹಿ ಮಾಡಿ, ಬಂದೆ. ಅನುಭವ ಪ್ರಮಾಣಪತ್ರಕ್ಕೆ ಅವರದೇ ಸಹಿ ಬೇಕಿತ್ತು.

ಹೊಸ ಕಾಲೇಜಿಗೆ ಅವಳ ಮನೆಯಿಂದ ಎರಡು ಬಸ್ಸು ಬದಲಿಸಬೇಕು. ಅಲ್ಲಿನ ಹಾಸ್ಟೆಲ್ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಅವಳು ಟಿಸಿ ತೆಗೆದುಕೊಂಡಳು ಎಂದು ಕೇಳಿ ನಾನು ಮತ್ತೆ ಆ ಲೈನಿಗೆ ಹೋದೆ. ತಾಯಿ ಕೆಲಸಕ್ಕೆ ಹೋಗಿದ್ದರು. ಹುಡುಗಿ ನಲ್ಲಿಯ ಹತ್ತಿರ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ ಎದ್ದು ಕೈ ಒರೆಸಿಕೊಂಡು ಸ್ಟೂಲ್ ತಂದಿಟ್ಟಳು. ಆ ಮರ್ಯಾದೆಯನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ.

“ಇನ್ನೊಂದೇ ವರ್ಷ,” ಎಂದೆ. “ಹೇಗಾದ್ರೂ ಮಾಡಿ…”

“ಹೋಂಸ್ಟೇಲಿ ಮತ್ತೆ ಕೇಳ್ದೆ ಮೇಡಂ. ರಿಸೆಪ್ಷನ್‌ಗೆ ಬೇರೆಯವ್ರನ್ನ ತಗೊಂಡಿದ್ದಾರಂತೆ. ರೂಮ್ ಕ್ಲೀನಿಂಗ್ ಇದೆ ಅಂದ್ರು. ಸೋಮವಾರದಿಂದ ಹೋಗ್ತೀನಿ.”

ಬಕೆಟ್ ತುಂಬಿ ನೀರು ಹೊರಗೆ ಹರಿಯುತ್ತಿತ್ತು. ಅವಳೇ ಹೋಗಿ ನಲ್ಲಿ ನಿಲ್ಲಿಸಿ ಬಂದಳು.

“ನೀನೂ ನಾನು ಮೋಸ ಮಾಡ್ದೆ ಅಂದ್ಕೊಂಡಿದ್ದೀಯಾ?” ಎಂದು ಕೇಳಿದೆ. ಕೇಳಬಾರದಿತ್ತು. ಇಲ್ಲ ಎನ್ನಿಸಿಕೊಳ್ಳಲಿಕ್ಕೆ ಕೇಳಿದ ಪ್ರಶ್ನೆ ಅದು.

“ಇಲ್ಲ ಮೇಡಂ. ನಿಮಗೂ ಗೊತ್ತಿರ್ಲಿಲ್ಲ ಅಂತ ನಂಗೆ ಗೊತ್ತು.” ಆಮೇಲೆ, ನೆಲ ನೋಡುತ್ತ, “ಗೊತ್ತಿಲ್ದೇ ಜವಾಬ್ದಾರಿ ಅಂತ ಯಾಕೆ ಹೇಳಿದ್ರಿ?”

ನನಗೆ ಸಿಕ್ಕಿದ್ದು ಎಲ್ಲರಿಗೂ ಸಿಗುತ್ತದೆ ಎಂದುಕೊಂಡಿದ್ದೆ. ನನ್ನ ಕಾಲಕ್ಕೆ ತೆರೆದಿದ್ದ ಬಾಗಿಲು ನನ್ನ ಹಿಂದೆಯೇ ಮುಚ್ಚುತ್ತ ಬಂದಿತ್ತು, ನಾನು ತಿರುಗಿ ನೋಡಿರಲಿಲ್ಲ. ಮತ್ತೆ, ನನ್ನ ಗಂಟೆಗಳ ಲೆಕ್ಕಕ್ಕೆ ಅವಳ ಒಂದು ತಲೆ ಬೇಕಿತ್ತು.

ಈಗ ನಾನು ವಿರಾಜಪೇಟೆಯಲ್ಲಿ ಒಂದು ಖಾಸಗಿ ಟ್ಯೂಷನ್ ಕೇಂದ್ರದಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತೇನೆ. ಕಾಫಿ ಬೆಳೆಗಾರರ, ಅಂಗಡಿಯವರ ಮಕ್ಕಳು. ಪಾಠ ನೆಟ್ಟಗಿದ್ದರೆ ಸಾಕು, ಇಲ್ಲಿ ಯಾರಿಗೂ ಯಾವ ಮಾತನ್ನೂ ಕೊಡಬೇಕಿಲ್ಲ.

ಅವಳು ಕಾಲೇಜು ಬಿಟ್ಟು ಒಂದು ವರ್ಷ ದಾಟಿದ ಮೇಲೆ ಒಂದು ದಿನ ತಾಯಿಯ ಫೋನ್ ಬಂತು. ನನ್ನ ನಂಬರ್ ಇನ್ನೂ ಇಟ್ಟುಕೊಂಡಿದ್ದರು.

“ಟೀಚರಮ್ಮ, ಬ್ಯಾಂಕಿಗೆ ದುಡ್ಡು ಬಂದೈತೆ. ಸ್ಕಾಲರ್‌ಶಿಪ್ ಅಂತ ಮೆಸೇಜು. ಎರಡನೇ ವರ್ಷದ್ದಂತೆ.” ಒಂದು ಕ್ಷಣ ತಡೆದು, “ಇವ್ಳು ಈಗ ಓದ್ತಾ ಇಲ್ವಲ್ಲ. ಇದನ್ನ ವಾಪಸ್ ಕೊಡ್ಬೇಕಾ?”

ನಾನು ತರಗತಿಯಿಂದ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತೆ. ಸರ್ಕಾರ ಅವರಿಗೆ ಕೊಡಬೇಕಾದ್ದನ್ನು ಎರಡು ವರ್ಷ ಇಟ್ಟುಕೊಂಡು, ಇನ್ನು ಬೇಡವಾದ ಹೊತ್ತಿಗೆ ಕಳಿಸಿತ್ತು. ಅವರು ಅದನ್ನು ವಾಪಸ್ ಕೊಡಬೇಕೇ ಎಂದು ಕೇಳುತ್ತಿದ್ದರು.

“ಬೇಡಮ್ಮ. ಅವಳು ಓದಿದ ವರ್ಷದ್ದು ಅದು. ಅವಳದ್ದೇ.”

“ನಿಜವಾ?”

“ನಿಜ,” ಎಂದೆ. ಆಮೇಲೆ ಮಗಳ ದನಿ ಬಂತು. “ಮೇಡಂ, ಬುಧವಾರ ನಂಗೆ ರಜೆ. ಮಡಿಕೇರಿಗೆ ಹೋಗಿ ಆಫೀಸಲ್ಲೇ ಕೇಳ್ಬಿಡ್ತೀನಿ. ಆಮೇಲೆ ತೊಂದ್ರೆ ಬೇಡ.”

ಬುಧವಾರ ಸಂಜೆ ಅವಳಿಂದ ಒಂದು ಮೆಸೇಜ್ ಬಂತು. “ನಮ್ದೇ ಅಂತೆ ಮೇಡಂ. ಆಫೀಸರ್ ಹೇಳಿದ್ರು.” ನಾನು ಹೇಳಿದ್ದೂ ಅದನ್ನೇ. ಆದರೆ ಅದನ್ನು ಖಚಿತ ಮಾಡಿಕೊಳ್ಳಲು ಅವಳು ವಾರದ ಒಂದೇ ಒಂದು ರಜೆ ಕಳೆದು ಮಡಿಕೇರಿಗೆ ಹೋಗಿ ಬಂದಿದ್ದಳು. ಅವಳು ಮಾಡಿದ್ದು ಸರಿ. “ಒಳ್ಳೇದಾಯ್ತು,” ಎಂದು ಬರೆದೆ. ಮುಂದೆ ಓದುತ್ತೀಯಾ ಎಂದು ಟೈಪ್ ಮಾಡಿದ್ದೆ. ಅದನ್ನು ಅಳಿಸಿದೆ.